ಮೋಟರ್ ಹೋಮ

ನಮ್ಮ ಮನೆಯ ಮುಂದಿನ ಅಂಗಳದಲ್ಲಿ ಒಂದು ಕಾರಿಗೂ ಒಂದು ಕಬ್ಬಿಣದ ಮಂಚಕ್ಕೂ ಒಟ್ಟಿಗೆ ಜಾಗವಿಲ್ಲ. ಎನ್.ಆರ್. ಕಾಲೋನಿಯ ಹಳೆಯ ಮನೆಗಳೇ ಹಾಗೆ. ಕಟ್ಟಿಸಿದವರ ತಲೆಯಲ್ಲಿ ಸೈಕಲ್ ಇತ್ತೇ ಹೊರತು ಕಾರಿರಲಿಲ್ಲ. ಮಂಚ ನಮ್ಮ ಅತ್ತೆಯದು. ಬಿಸಿಲು ಬಿದ್ದ ದಿನ ಅದರ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಡುವುದು ಅವರು ಹಳ್ಳಿಯಿಂದ ಸೊಸೆಯಾಗಿ ಬಂದಾಗಿನಿಂದ ನಡೆದುಕೊಂಡು ಬಂದ ಪದ್ಧತಿ. ಕಾರು ನನ್ನದು. ಅದು ಬಂದ ಮೇಲೆ ಮಂಚ ಗೋಡೆಗೆ ಒರಗಿ ನಿಂತುಬಿಟ್ಟಿತು, ಸಂಡಿಗೆ ಅಂಗಡಿಯಿಂದ ಬರತೊಡಗಿತು. ಅಂಗಡಿ ಸಂಡಿಗೆ ಎಲೆಗೆ ಬಿದ್ದಾಗಲೆಲ್ಲ ಅತ್ತೆ ಅದನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡುತ್ತಿದ್ದರು.

ಕಾರೆಂದರೆ ಓಡಾಡುವ ಕಾರಲ್ಲ. ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪಂಜರ ಕೂರಿಸಿ, ರೇಸಿಗೆಂದೇ ತಯಾರು ಮಾಡಿದ ಹಳೆಯ ಪುಟ್ಟ ಕಾರು. ನಾನು ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುವವಳು, ವಯಸ್ಸು ಐವತ್ತರ ಅಂಚಿನಲ್ಲಿದೆ, ಕೋಪ ಮೂಗಿನ ತುದಿಯಲ್ಲಿದೆ. ಈ ವಯಸ್ಸಿನಲ್ಲಿ ರೇಸು ಯಾಕೆ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಇಷ್ಟ, ಅದಕ್ಕೆ.

ಇಂಥ ಹುಚ್ಚಿಗೆ ಜೊತೆ ಬೇಕಲ್ಲ. ನನಗೆ ಇಬ್ಬರಿದ್ದಾರೆ, ಇಬ್ಬರೂ ಪ್ರೈಮರಿ ಶಾಲೆಯಿಂದ ಗೆಳೆಯರು. ಒಬ್ಬ ಸರ್ಕಾರಿ ಕಚೇರಿಯಲ್ಲಿದ್ದಾನೆ, ಟೈರೆಂದರೆ ಪ್ರಾಣ ಬಿಡುತ್ತಾನೆ. ಇನ್ನೊಬ್ಬ ಸೈಟು ಮಾರಿಸುವ ವ್ಯವಹಾರದವನು. ಹೊರದೇಶದವರು ಬಸ್ಸಿನಷ್ಟು ದೊಡ್ಡ ಗಾಡಿಯೊಳಗೆ ಮನೆ ಮಾಡಿಕೊಂಡು, ಹಿಂದುಗಡೆ ರೇಸ್ ಕಾರು ಇಟ್ಟುಕೊಂಡು ಊರೂರು ತಿರುಗುವ ‘ಮೋಟರ್ ಹೋಮ್’ ವಿಡಿಯೋಗಳನ್ನು ಊಟ ಬಿಟ್ಟು ನೋಡುತ್ತಾನೆ. ಭಾನುವಾರ ಬೆಳಗ್ಗೆ ಗಾಂಧಿಬಜಾರಿನ ದರ್ಶಿನಿಯೊಂದರ ಮುಂದೆ ಬೈ-ಟು ಕಾಫಿ ಹಿಡಿದು ನಿಂತರೆ ನಮ್ಮ ಮಾತು ಮುಗಿಯುವುದು ದೋಸೆ ಖಾಲಿಯಾದಾಗಲೇ. ಟೈರಿನವನು ಯಾವ ಗಾಡಿ ಬಂದು ನಿಂತರೂ ಹೋಗಿ ಅದರ ಟೈರಿಗೆ ಉಗುರು ಚುಚ್ಚಿ ನೋಡುತ್ತಾನೆ, ಹೆಂಗಸರು ಮಾರ್ಕೆಟ್ಟಿನಲ್ಲಿ ಸೋರೆಕಾಯಿ ನೋಡುವ ಹಾಗೆ. ಮೆತ್ತಗಿದ್ದರೆ ಹಿಡಿತ ಜಾಸ್ತಿ, ಬಾಳಿಕೆ ಕಮ್ಮಿ. ಗಟ್ಟಿಯಿದ್ದರೆ ಬಾಳಿಕೆ ಜಾಸ್ತಿ, ಹಿಡಿತವಿಲ್ಲ. ಇದು ಅವನ ವೇದಾಂತ. ಮದುವೆಗೂ ಅನ್ವಯಿಸುತ್ತದೆ ಅನ್ನುತ್ತಾನೆ.

ಅವನ ಕಾಟಕ್ಕೇ ನಾನು ರೇಸ್ ಟೈರು ತರಿಸಿದ್ದು. ಅದರಲ್ಲಿ ಗೀರುಗಳೇ ಇರುವುದಿಲ್ಲ, ಬೋಳು. ರಬ್ಬರ್ ಬಲು ಮೆತ್ತಗೆ. ಬಿಸಿಯಾದರೆ ರಸ್ತೆಗೆ ಅಂಟಿಕೊಳ್ಳುತ್ತದೆ. ಹಳೆಯ ಡಬ್ಬಾ ಕಾರಿಗೆ ಇಂಥ ಟೈರು ಹಾಕಿಸುವುದೆಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಕಥೆಯೇ, ಒಪ್ಪುತ್ತೇನೆ. ಅತ್ತೆ ಮಾತ್ರ ಅದರ ಮೇಲೆ ಕೈಯಾಡಿಸಿ, ಯಾರೋ ನನಗೆ ಸವೆದ ಟೈರು ಕೊಟ್ಟು ಟೋಪಿ ಹಾಕಿದ್ದಾರೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಮರುಗಿದರು. ಇದು ಅಂಟುವ ಟೈರು ಅತ್ತೆ ಎಂದು ನಾನು ಹೇಳಿದರೆ, ಅಂಟಬೇಕಾದರೆ ಹಲಸಿನ ಮೇಣ ಹಚ್ಚು, ದುಡ್ಡು ಯಾಕೆ ಹಾಳು ಅಂದರು.

ಆದರೆ ಆ ಟೈರು ಹಾಕಿಕೊಂಡು ಊರ ರಸ್ತೆಯಲ್ಲಿ ಹೋಗುವ ಹಾಗಿಲ್ಲ. ಕಾರನ್ನು ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡೇ ಊರಾಚೆಯ ಟ್ರ್ಯಾಕಿಗೆ ಒಯ್ಯಬೇಕು. ಹಿಂದಿನ ಸಲ ಕೆಟ್ಟುನಿಂತ ಕಾರು ಎಳೆಯುವ ಗಾಡಿಯವನನ್ನು ನಂಬಿದ್ದೆವು. ಬೆಳಗ್ಗೆ ಬರುತ್ತೇನೆಂದವನು ಮಧ್ಯಾಹ್ನ ಬಂದ. ನಾವು ಟ್ರ್ಯಾಕ್ ತಲುಪಿದಾಗ ಬಾವುಟ ಸುತ್ತಿಡುತ್ತಿದ್ದರು. ಮನೆಗೆ ಬಂದು ನಾನು ಅವನನ್ನು ಬೈದೆ, ಟ್ರಾಫಿಕ್ಕನ್ನು ಬೈದೆ, ಟೈರಿನವನನ್ನೂ ಬೈದೆ. ಅತ್ತೆ ಎಲ್ಲ ಕೇಳಿಸಿಕೊಂಡು, “ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ” ಅಂದರು. ಆಮೇಲೆ ತೀರ್ಪು ಕೊಟ್ಟರು: ಮುಂದಿನ ರೇಸಿನಲ್ಲೂ ಕಾರು ಓಡದಿದ್ದರೆ ಮಾರನೇ ದಿನವೇ ಗುಜರಿಯವನು ಬರುತ್ತಾನೆ, ಮಂಚ ವಾಪಸು ಅದರ ಜಾಗಕ್ಕೆ ಬರುತ್ತದೆ. ನನ್ನ ಗಂಡ ಪೇಪರಿನ ಹಿಂದಿನಿಂದ, ನ್ಯಾಯವಾಗಿದೆ ಅಂದರು. ಆ ಕಾರಿನೊಳಗೆ ಕೂತಾಗ ಮಾತ್ರ ನಾನು ಯಾರ ಟೀಚರೂ ಅಲ್ಲ, ಯಾರ ಸೊಸೆಯೂ ಅಲ್ಲ. ಅದನ್ನು ಗುಜರಿಗೆ ಕೊಡುವುದನ್ನು ನೆನೆದರೆ ಅಳು ಬರುತ್ತಿತ್ತು.

ಮುಂದಿನ ರೇಸು ಹತ್ತಿರ ಬಂತು. ಒಂದು ಸಂಜೆ ಸೈಟಿನವನ ಜೊತೆ ಫೋನಿನಲ್ಲಿ ಮಾತಾಡುತ್ತ ನಾನೂ ಬೇಜಾರಾಗಿ, ಎಲ್ಲಾ ಬಿಡು ಗುರು, ಒಂದು ಮೋಟರ್ ಹೋಮ್ ಆಗ್ಬಿಟ್ರೆ ನಮ್ಮ ಕಷ್ಟ ಎಲ್ಲಾ ಕಳೀತು ಅಂದೆ. ಅತ್ತೆ ಅಲ್ಲೇ ಸೊಪ್ಪು ಬಿಡಿಸುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಅತ್ತೆ ಯಾವ ಪದವನ್ನೂ ವ್ಯಂಜನಕ್ಕೆ ನಿಲ್ಲಿಸುವವರಲ್ಲ. ಬಸ್ ಅವರಿಗೆ ಬಸ್ಸು, ಬ್ಯಾಂಕ್ ಬ್ಯಾಂಕು. ಟಿವಿಯವರು ಕರ್ನಾಟಕವನ್ನು ಕರ್ನಾಟಕ್ ಅಂದರೆ, ಬಾಲ ಕಡಿದುಬಿಟ್ರು ಎಂದು ರೇಗುತ್ತಾರೆ. ಆದ್ದರಿಂದ ನನ್ನ ‘ಹೋಮ್’ ಅವರ ಕಿವಿಗೆ ಬಾಲ ಕಡಿದ ಹೋಮವಾಗಿ ಬಿತ್ತು. ದೇವರಿಗೆ ದೀಪ ಹಚ್ಚು ಅಂದರೂ ಗೊಣಗುವ ಸೊಸೆ ತಾನಾಗಿಯೇ ಮೋಟರಿಗೆ ಹೋಮ ಮಾಡಿಸಬೇಕು ಅನ್ನುತ್ತಿದ್ದಾಳೆ. ರಾತ್ರಿ ಊಟಕ್ಕೆ ಕೂತಾಗ ಅವರ ಮುಖ ನೋಡಬೇಕಿತ್ತು.

“ನಿಂಗೆ ಮೋಟರ್ ಹೋಮ ಆಗ್ಬೇಕಂತಲ್ಲ. ನಾನೇ ಮಾಡಿಸ್ಕೊಡ್ತೀನಿ ಬಿಡು.”

ಹಳ್ಳಿಯಲ್ಲಿ ಅತ್ತೆಯ ಹೆಸರಿನಲ್ಲಿ ಒಂದಿಷ್ಟು ಜಮೀನಿದೆ. ಮಾರಿಬಿಟ್ಟರೇ ಅಂದುಕೊಂಡೆ.

“ನಿಜವಾಗ್ಲೂನಾ ಅತ್ತೆ?”

“ಸುಳ್ಳು ಯಾಕೇಳ್ಲಿ. ಎಷ್ಟು ಜನ ಕೂತ್ಕಬೇಕು?”

“ಮೂರು ಜನ. ನೀವೂ ಬಂದ್ರೆ ನಾಲ್ಕು.”

“ನಾನಿಲ್ದೆ ಆಯ್ತದಾ? ಹೊಗೆ ಹೋಗೋಕೆ ದಾರಿ ಬೇಕು, ಕಣ್ಣುರಿ ನಂಗಾಗಲ್ಲ.”

“ಒಲೆ ಮೇಲೆ ಕಿಂಡಿ ಇರತ್ತೆ ಅತ್ತೆ.”

“ಪೂರ್ವಕ್ಕೆ ಮುಖ ಮಾಡಿರ್ಬೇಕು.”

“ಅದಕ್ಕೇನು, ಯಾವ ಕಡೆ ಬೇಕಾದ್ರೂ ತಿರುಗಿಸ್ಕೋಬೋದು.”

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು, ಆದರೆ ಬಿಟ್ಟರು. ರೇಸಿನ ಹಿಂದಿನ ದಿನ, ಶನಿವಾರ ಬೆಳಗ್ಗೆ ಎಂದು ದಿನ ಗೊತ್ತುಮಾಡಿದರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಈ ಹೆಂಗಸನ್ನು ತಪ್ಪು ತಿಳಿದುಕೊಂಡಿದ್ದೆನಲ್ಲ ಎಂದು ಕಣ್ಣಲ್ಲಿ ನೀರೂ ಬಂತು.

ಗೆಳೆಯರಿಗೆ ಹೇಳಿದೆ. ಸೈಟಿನವನು ದರ್ಶಿನಿಯ ಮುಂದೆಯೇ ನನ್ನ ಕಾಲಿಗೆ ಬೀಳಲು ಬಂದ. ಟೈರಿನವನು ಒಳಗೆ ಟೈರು ಜೋಡಿಸಲು ಕಪಾಟು ಬೇಕೆಂದ, ಸೈಟಿನವನು ಆ ಜಾಗದಲ್ಲಿ ಫ್ರಿಜ್ ಬೇಕೆಂದ, ಜಗಳವಾಗಿ ಎರಡು ದಿನ ಮಾತು ಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಸೈಟಿನವನು ಚಿಕ್ಕಪೇಟೆಗೆ ಹೋಗಿ ಕಿಟಕಿಗೆ ಪರದೆ ಬಟ್ಟೆಯನ್ನೇ ತಂದ. ನಾನೂ ಕಮ್ಮಿಯವಳಲ್ಲ. ಕಾರು ಎಳೆಯುವವನಿಗೆ ಫೋನ್ ಮಾಡಿ, ನೀವು ಇನ್ನು ಬರೋದೇ ಬೇಡ ಎಂದು ಹಳೆಯ ಸಿಟ್ಟನ್ನೆಲ್ಲ ತೀರಿಸಿಕೊಂಡೆ.

ಶನಿವಾರ ಬೆಳಗ್ಗೆ ಬೀದಿಯಲ್ಲಿ ದೊಡ್ಡ ಗಾಡಿ ಬಂದು ನಿಂತ ಸದ್ದಾಯಿತು. ಗೆಳೆಯರಿಬ್ಬರೂ ಆಗಲೇ ಗೇಟಿನಲ್ಲಿದ್ದರು, ಒಬ್ಬನ ಕೈಯಲ್ಲಿ ಪರದೆ, ಇನ್ನೊಬ್ಬನ ಕೈಯಲ್ಲಿ ಅಳತೆ ಟೇಪು. ಓಡಿಬಂದೆ. ಅದು ಶಾಮಿಯಾನದವನ ಲಾರಿ. ಹಿಂದಿನ ಬಾಗಿಲು ತೆಗೆದ. ಮೊದಲು ಇಟ್ಟಿಗೆ ಇಳಿಯಿತು. ಆಮೇಲೆ ಬಾಳೆಕಂದು, ತೆಂಗಿನಕಾಯಿ ಮೂಟೆ, ಜಮಖಾನ, ಕುರ್ಚಿ, ಹಂಡೆಯಂಥ ಪಾತ್ರೆಗಳು, ಅಡುಗೆಯ ಒಲೆ. ಕೊನೆಗೆ ಹಿಂದೆ ಬಂದ ಆಟೋದಿಂದ ಪುರೋಹಿತರು ಇಳಿದರು.

ಸೈಟಿನವನು ಪರದೆಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಯಿ ತೆರೆದೆ, ತಿರುಗಿದೆ. ಅತ್ತೆ ತಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು, ಅಕ್ಕಪಕ್ಕದ ಮನೆಯವರಿಗೆ, ನನ್ನ ಸೊಸೆ ಕೇಳಿದ್ದು ಎಂದು ಹೇಳುತ್ತಿದ್ದರು. ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಸೀರೆ ಉಟ್ಟುಕೊಂಡು ಬಂದೆ.

ಸಂಕಲ್ಪಕ್ಕೆ ಪುರೋಹಿತರು ಗಾಡಿಯ ನಕ್ಷತ್ರ ಕೇಳಿದರು. ಅತ್ತೆ ಕಾರು ಮನೆಗೆ ಬಂದ ದಿನವನ್ನು ಪಂಚಾಂಗದಲ್ಲಿ ನೋಡಿಟ್ಟಿದ್ದರು. ಆಶ್ಲೇಷಾ. ಆಶ್ಲೇಷಾ ನಕ್ಷತ್ರದ ಹೆಣ್ಣು ಬಂದರೆ ಅತ್ತೆಗೆ ಆಗಿಬರುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಕಣಮ್ಮ ನಂಗೂ ಇದಕ್ಕೂ ಸರಿಬರ್ತಿಲ್ಲ ಎಂದು ಅತ್ತೆ ತೃಪ್ತಿಯಿಂದ ತಲೆಯಾಡಿಸಿದರು. ಪುರೋಹಿತರು ಅದಕ್ಕೊಂದು ಶಾಂತಿಯನ್ನೂ ಸೇರಿಸಿದರು, ಹೊಗೆ ಇನ್ನೂ ಜಾಸ್ತಿಯಾಯಿತು.

ಅಂಗಳ ಇಕ್ಕಟ್ಟಾದ್ದರಿಂದ ಹೋಮದ ಬೆಂಕಿಯ ಪಕ್ಕದಲ್ಲೇ ಕಾರು ನಿಂತಿತ್ತು. ಟೈರುಗಳು ಚೆನ್ನಾಗಿ ಬಿಸಿಯಾದವು. ಆಮೇಲೆ ಪದ್ಧತಿಯಂತೆ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು ಕಾರು ಮುಂದೆ ಬಿಡಲು ಹೇಳಿದರು. ಬಿಟ್ಟೆ. ಹಣ್ಣು ಅಪ್ಪಚ್ಚಿಯಾಗುವುದೇನೋ ಆಯಿತು, ಆದರೆ ನೆಲದಲ್ಲಿ ಉಳಿಯಲಿಲ್ಲ. ಸಿಪ್ಪೆ, ಬೀಜ, ಅದರ ಮೇಲಿದ್ದ ಕುಂಕುಮ, ಹೋಮದ ಅಕ್ಷತೆ, ಎಲ್ಲವೂ ಟೈರಿಗೆ ಅಂಟಿಕೊಂಡು ಮೇಲೆದ್ದು ಬಂದವು. ಟೈರಿನವನು ನೆಲದ ಮೇಲೆ ಕೂತು ಒಂದೊಂದೇ ಬೀಜ ಕೀಳುತ್ತ ಕಣ್ಣೊರೆಸಿಕೊಂಡ. ಅತ್ತೆ ಬಗ್ಗಿ ಹೆಬ್ಬೆರಳಿನಿಂದ ರಬ್ಬರ್ ಒತ್ತಿದರು, ಬೆರಳು ಮೂಸಿದರು, ಮತ್ತೆ ಒತ್ತಿದರು. ಅಂಟ್ತದೆ ಅಂದಿದ್ದು ನಿಜ ಕಣಪ್ಪ ಅಂದರು. ಅವನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಗಾಳಿ ಎಷ್ಟು ಹಿಡಿಸಬೇಕು, ಮಳೆ ಬಂದರೆ ಏನು ಗತಿ ಎಂದು ಊಟದ ತನಕ ಪ್ರಶ್ನೆ ಕೇಳಿದರು. ಮಳೆಗೆ ಬೇರೆಯೇ ಟೈರು ಬೇಕು ಎಂದು ಅವನು ಹೇಳಿದ್ದು ನನಗೂ ಕೇಳಿಸಿತು.

ಪುಳಿಯೋಗರೆ ಊಟ ಮುಗಿದು ನೆಂಟರು ಎಲೆಅಡಿಕೆ ಹಾಕಿಕೊಳ್ಳುವಾಗ ನನಗೆ ಇನ್ನು ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆಗೆ ಎಲ್ಲ ಹೇಳಿದೆ. ಹೋಮ್ ಅಂದರೆ ಮನೆ, ಚಕ್ರದ ಮೇಲಿನ ಮನೆ, ಅದರಲ್ಲಿ ಕಾರು ಸಾಗಿಸುತ್ತಾರೆ, ಅದನ್ನು ನಂಬಿ ನಾನು ಬೇರೆ ಗಾಡಿಗೆ ಬೇಡ ಅಂದಿದ್ದೇನೆ, ಈಗ ನಾಳೆಗೆ ಏನೂ ಇಲ್ಲ, ನಾಡಿದ್ದು ನೀವು ಗುಜರಿಯವನನ್ನು ಕರೆಸಬಹುದು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅತ್ತೆ ಗೇಟಿನಾಚೆ ನೋಡಿದರು. ಸಾಮಾನೆಲ್ಲ ಇಳಿಸಿದ ಲಾರಿ ಖಾಲಿ ನಿಂತಿತ್ತು.

“ಒಲೆ ಐತೆ, ಪಾತ್ರೆ ಐತೆ, ಮಲಗೋಕೆ ಜಮಖಾನ ಐತೆ, ಮೇಲೆ ತಾರ್ಪಾಲು ಐತೆ. ಇನ್ನೇನಮ್ಮ ಬೇಕು ನಿನ್ನ ಹೋಮಿಗೆ?”

ಶಾಮಿಯಾನದವನಿಗೆ ಮುಂದಿನ ಕೆಲಸ ಇದ್ದದ್ದು ಸೋಮವಾರ. ಅತ್ತೆಗೆ ಇಲ್ಲ ಅನ್ನುವ ಧೈರ್ಯವೂ ಅವನಿಗಿರಲಿಲ್ಲ. ವೇದಿಕೆ ಕಟ್ಟುವ ದಪ್ಪ ಹಲಗೆಗಳನ್ನು ಇಳಿಜಾರಾಗಿ ಇಟ್ಟು, ಊಟ ಮಾಡಿದ ನೆಂಟರೆಲ್ಲ ಸೇರಿ ಕಾರನ್ನು ಲಾರಿಗೆ ಹತ್ತಿಸಿದರು. ಪುರೋಹಿತರು ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳಿದರು. ಸೈಟಿನವನು ಪರದೆಯನ್ನು ಎಲ್ಲಿಯಾದರೂ ಕಟ್ಟಲೇಬೇಕೆಂದು ಡ್ರೈವರ್ ಕಿಟಕಿಗೆ ಕಟ್ಟಿದ. ಉಳಿದ ಪುಳಿಯೋಗರೆ ಒಂದು ಹಂಡೆ ಜೊತೆಗೆ ಬಂತು. ಎರಡು ಬದಿಗೂ ಬಾಳೆಕಂದು ಕಟ್ಟಿಕೊಂಡು, ಅತ್ತೆಯನ್ನು ಮುಂದೆ ಕೂರಿಸಿಕೊಂಡು, ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಾವು ಟ್ರ್ಯಾಕಿನಲ್ಲಿದ್ದೆವು.

ಅಲ್ಲಿ ಮಿರಮಿರ ಮಿಂಚುವ ಗಾಡಿಗಳ ಸಾಲಿನ ನಡುವೆ ನಮ್ಮ ಲಾರಿ ನಿಂತಾಗ ಮೊದಲು ನಕ್ಕರು. ತಿಂಡಿಯ ಹೊತ್ತಿಗೆ ಎಲ್ಲರೂ ತಟ್ಟೆ ಹಿಡಿದು ನಮ್ಮ ಹತ್ತಿರ ಬಂದರು. ಅತ್ತೆ ಒಬ್ಬೊಬ್ಬರಿಗೂ ಬಡಿಸಿ, ಒಬ್ಬೊಬ್ಬರ ಟೈರಿಗೂ ಬೆರಳೊತ್ತಿ ಬಂದರು.

ನಾನು ಓಡಿಸಿದೆ. ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಹೆಲ್ಮೆಟ್ಟಿನೊಳಗೆ ಒಬ್ಬಳೇ ನಗುತ್ತಿದ್ದೆ. ಎರಡನೇ ಸುತ್ತಿನ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ, ಬುಗುರಿಯ ಹಾಗೆ ತಿರುಗಿ ಹುಲ್ಲಿನ ಮೇಲೆ ಹಿಂದುಮುಂದಾಗಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿ ಮುಗಿಸಿದೆ. ಎಲ್ಲರಿಗಿಂತ ಕೊನೆಯವಳಾದೆ.

ಕಾರು ಓಡಿದ್ದೇನೋ ಓಡಿತ್ತು. ಆದರೆ ಬೀದಿಗೆಲ್ಲ ಊಟ ಹಾಕಿ ಹೋಮ ಮಾಡಿಸಿ ಕೊನೆಯ ಸ್ಥಾನ ಅಂದರೆ ಅವರ ಮುಖಕ್ಕೆ ಎಷ್ಟು ಅವಮಾನ. ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆಯ ನೆಲ ಡೊಂಕಿನ ಗಾದೆಗೆ ಕಾದು ಕೂತೆ. ಅದು ಬರಲಿಲ್ಲ. ಅದರಿಂದ ಇನ್ನೂ ಹೆದರಿಕೆಯಾಯಿತು.

ಸೋಮವಾರ ಬೆಳಗ್ಗೆ ಗೇಟಿನ ಹತ್ತಿರ ಗುಜರಿಯವನ ದನಿ ಕೇಳಿಸಿತು. ಹೊರಗೆ ಬಂದರೆ ಅವನು ಕಾರಿನ ಪಕ್ಕದಲ್ಲಿ ನಿಂತಿದ್ದಾನೆ, ಅತ್ತೆ ಅವನಿಗೆ ಕೈ ತೋರಿಸಿ ಏನೋ ಹೇಳುತ್ತಿದ್ದಾರೆ. ಅವನು ಕಾರನ್ನು ಸುತ್ತಿಕೊಂಡು ಹೋಗಿ, ಗೋಡೆಗೆ ಒರಗಿದ್ದ ಕಬ್ಬಿಣದ ಮಂಚವನ್ನು ಹೆಗಲಿಗೆ ಏರಿಸಿಕೊಂಡ.

“ಅತ್ತೆ, ಅದು ನಿಮ್ಮ ಸಂಡಿಗೆ ಮಂಚ.”

“ಮಳೆ ಟೈರು ತಂದ್ರೆ ಎಲ್ಲಿಡ್ತೀಯ, ನನ್ನ ತಲೆ ಮೇಲಾ?” ಅಂದರು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ತಲೆ ಹಾಕಿ, ಹೋಮ ಮಾಡಿಸಿಯೂ ಹೀಗಾಯಿತಲ್ಲ ಎಂದು ರಾಗ ತೆಗೆದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಅತ್ತ ತಿರುಗಿದರು.

“ಹೋಮದಲ್ಲಿ ಏನೂ ಲೋಪ ಇರ್ಲಿಲ್ಲ ಕಣಮ್ಮ. ಹಿಂದ್ಗಡೆ ಟೈರಲ್ಲಿ ಗಾಳಿ ಜಾಸ್ತಿ ಇತ್ತು.”