ಕೋಳಿಗಳು ಹನಿ ಕುಡಿಯಲು ಕಲಿತ ಮಧ್ಯಾಹ್ನ

ಮನೆಯಲ್ಲೇ ಬಟ್ಟೆ ಹೊಲಿಯುವ ಆ ಹೆಂಗಸಿಗೆ ಹಿತ್ತಲಿನ ಏಳು ಕೋಳಿಗಳೆಂದರೆ ಪ್ರಾಣ. ಅವೋ, ನೀರಿನ ಬೋಗುಣಿಯೊಳಗೇ ಕಾಲಿಟ್ಟು ಕೆಸರು ಮಾಡುತ್ತಿದ್ದವು. ನೋಡಲಾರದೆ ತಂಗಿ ಹೊಸ ಬಕೆಟ್ಟೊಂದನ್ನು ತಂದು ತೂಗುಹಾಕಿದಳು. ಅದರ ತಳದಲ್ಲಿ ನಲ್ಲಿಯಂಥ ಸಣ್ಣ ಕೆಂಪು ಮೂತಿಗಳಿದ್ದವು. ಕೊಕ್ಕಿನಿಂದ ಕುಟ್ಟಿದರೆ ಮಾತ್ರ ನೀರು ಹನಿಯುತ್ತಿತ್ತು.

"ಬೋಗುಣಿ ಎತ್ತಿಡು ಅಕ್ಕಾ. ಬಾಯಾರಿದ್ರೆ ತಾವೇ ಕಲೀತಾವೆ," ಎಂದಳು ತಂಗಿ.

"ಹೇಳೋದು ಸುಲಭ ಕಣೇ. ಇವು ನನ್ನ ಮುಖಾನೇ ನೋಡ್ತಾ ನಿಂತಿದಾವೆ!"

ಮಧ್ಯಾಹ್ನವಾದರೂ ಒಂದೂ ಕುಡಿಯಲಿಲ್ಲ. ಅಕ್ಕ ಹೊಲಿಗೆ ಬಿಟ್ಟು ಬಂದು ಬಕೆಟ್ಟಿನ ಪಕ್ಕ ಕುಳಿತು, ಬೆರಳ ತುದಿಯಿಂದ ಒಂದು ಮೂತಿಯನ್ನು ಟಕ್ ಟಕ್ ಎಂದು ತಟ್ಟತೊಡಗಿದಳು. ಪ್ರತಿ ಹನಿಯೂ ಬಿಸಿಲು ತುಂಬಿಕೊಂಡು, ಒಂದು ಕ್ಷಣ ತೂಗಿ, ಜಾರುತ್ತಿತ್ತು. ಕೋಳಿಗಳು ಕತ್ತು ಓರೆ ಮಾಡಿ ನೋಡಿದವು. ತಟ್ಟುತ್ತ ತಟ್ಟುತ್ತ ಅವಳ ಕಣ್ಣೇ ಭಾರವಾಗಿ ಕೈ ನಿಂತಿತು. ಆದರೆ ಸದ್ದು ನಿಲ್ಲಲಿಲ್ಲ. ಯಾರೋ ತನ್ನ ಮಿಷನ್ ತುಳಿಯುತ್ತಿದ್ದಾರೆ ಎಂದುಕೊಂಡು, ಮಂಪರಿನಲ್ಲೇ ಕಣ್ಣು ತೆರೆದಳು. ಅವಳ ಮೊಣಕಾಲಿಗೆ ಒರಗಿಕೊಂಡು ಒಂದು ಕುಂಟು ಕೋಳಿ ಮೂತಿ ಕುಟ್ಟುತ್ತಿತ್ತು. ಉಳಿದವು ಒಂದೊಂದಾಗಿ ಹತ್ತಿರ ಬರುತ್ತಿದ್ದವು.

"ಕುಡೀರಮ್ಮಾ, ಅವಸರ ಇಲ್ಲ," ಎಂದು ಪಿಸುಗುಟ್ಟಿದಳು. ಅವು ಬೆದರಬಾರದೆಂದು, ಜೋಮು ಹಿಡಿದ ಕಾಲನ್ನೂ ಚಾಚದೆ, ಬಿಸಿಲು ಗೋಡೆ ಏರುವವರೆಗೆ ಹಾಗೇ ಕುಳಿತಿದ್ದಳು.