ದೊಡ್ಡಮ್ಮ ಹತ್ತದ ಮೇಜು

ಹೋದ ವಾರ ಸ್ಕ್ಯಾನಿಂಗ್‌ಗೆ ಹೊರಡುವಾಗ ಅಟ್ಟದಿಂದ ಆ ಸ್ಟೀಲ್ ಕೂಜ ಇಳಿಸಿದೆ. ತಿರುಪಿನ ಮುಚ್ಚಳ ತೆಗೆದರೆ ಸಣ್ಣಗೆ ಕೊಬ್ಬರಿ ವಾಸನೆ. ಎಷ್ಟು ತಿಕ್ಕಿದರೂ ಹೋಗಿಲ್ಲ, ಅಥವಾ ನನ್ನ ಮೂಗೇ ಸುಳ್ಳು ಹೇಳುತ್ತಿದೆಯೋ... ಅದು ಹಾರನಹಳ್ಳಿಯ ನಮ್ಮ ಪಕ್ಕದ ಮನೆ ದೊಡ್ಡಮ್ಮನದು.

ಅವರದು ಕೊಬ್ಬರಿ ವ್ಯಾಪಾರದ ಮನೆ. ಒಣಗಿದ ಕಾಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚೆನ್ನಾಗಿದೆಯೋ ಕೊಳೆತಿದೆಯೋ ಹೇಳುತ್ತಿದ್ದರು. ಮನುಷ್ಯರನ್ನು ನೋಡುವ ರೀತಿಯೂ ಅದೇ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ.

ತೊಂಬತ್ತರ ದಶಕದ ಕೊನೆ. ತಿಂಗಳುಗಟ್ಟಲೆ ಮುಟ್ಟು ನಿಲ್ಲದೆ ನಾನು ಬಿಳುಚಿಹೋಗಿದ್ದೆ. ದೊಡ್ಡಮ್ಮನೇ ಅರಸೀಕೆರೆಯ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಮೂತ್ರಚೀಲ ತುಂಬಿದ್ದರೇ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಸರಿಯಾಗಿ ಕಾಣುವುದು, ಕುಡಿಯುತ್ತಿರಿ ಎಂದು ನರ್ಸ್ ನೀರಿನ ಲೋಟ ಚಾಚಿದಳು. ದೊಡ್ಡಮ್ಮ ಅಡ್ಡ ಕೈ ಹಾಕಿದರು.

“ಬ್ಯಾಡ ಕಣವ್ವ, ಅದ್ರೊಳಗೆ ಏನ್ ಹಾಕವ್ರೋ ಏನೋ. ನಮ್ಮ ಬಾವಿ ನೀರು ಐತೆ, ಕುಡಿ.”

ಕೂಜ ಖಾಲಿಯಾಗುವಷ್ಟರಲ್ಲಿ ನಗಲೂ ಆಗದ ಸ್ಥಿತಿ ನನ್ನದು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ ಯಂತ್ರ ಆಡಿಸಿದರು, ನೋವೇನಿಲ್ಲ. ಡಾಕ್ಟರು ಪರದೆ ನೋಡುತ್ತಲೇ, “ಗರ್ಭಕೋಶ ದಪ್ಪಗಾಗಿದೆ. ಇಬ್ಬರು ಮಕ್ಕಳಿದಾರಲ್ಲ, ಇನ್ಯಾಕೆ? ತೆಗೆಸಿಬಿಡಿ, ಇಲ್ಲದಿದ್ರೆ ಕ್ಯಾನ್ಸರ್ ಆಗಬಹುದು” ಎಂದರು. ನಾನು ಹೆದರಿ ಹೂಂ ಅಂದುಬಿಟ್ಟೆ. ದೊಡ್ಡಮ್ಮ ರಟ್ಟೆ ಹಿಡಿದು ಹೊರಗೆಳೆದರು.

“ಅಷ್ಟೊಂದು ಅವಸ್ರ ಯಾಕಂತೆ ಆವಯ್ಯಂಗೆ? ತೆಗೆದ ಮ್ಯಾಲೆ ತಿರುಗಾ ಮಡಗಕ್ಕಾಯ್ತದಾ?”

ದೊಡ್ಡಮ್ಮನ ತವರು ಬೇಲೂರು ಕಡೆಯ ಗೆಂಡೆಹಳ್ಳಿ. ಆ ಕಡೆಯವರನ್ನು ವಿಚಾರಿಸಿ ಬೇಲೂರಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದರು. ಆಕೆ ಕೂರಿಸಿ ಹೇಳಿದರು: ಅರಿವಳಿಕೆ ಕೊಟ್ಟು ಗರ್ಭಕೋಶದ ಒಳಪದರ ಕೆರೆದು ತೆಗೆಯುತ್ತಾರೆ, ಜನ ‘ಕ್ಲೀನ್ ಮಾಡಿಸೋದು’ ಅನ್ನುತ್ತಾರಲ್ಲ, ಅದೇ. ಕೆರೆದದ್ದನ್ನು ಪರೀಕ್ಷೆಗೆ ಕಳಿಸಿದರೆ ಕೆಟ್ಟದ್ದಿದೆಯೋ ಇಲ್ಲವೋ ತಿಳಿಯುತ್ತದೆ. ದೊಡ್ಡಮ್ಮನಿಗೆ ಇಲ್ಲೂ ಗುಮಾನಿ. ಕ್ಲೀನ್ ಮಾಡುವ ನೆಪದಲ್ಲಿ ಗರ್ಭಕೋಶವನ್ನೇ ತೆಗೆದುಬಿಟ್ಟರೆ? ನನ್ನನ್ನು ಒಳಗೆ ಕರೆದೊಯ್ದ ಮೇಲೆ, ತೆಗೆದದ್ದನ್ನು ತೋರಿಸಲೇಬೇಕು ಎಂದು ಬಾಗಿಲಲ್ಲೇ ಕೂತರಂತೆ. ಡಾಕ್ಟರು ಬೇಸರಿಸದೆ ಸಣ್ಣ ಬಾಟಲಿ ತಂದು ಕೊಟ್ಟರೆ, ಅದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರಂತೆ!

ಕೆಟ್ಟದ್ದೇನೂ ಇರಲಿಲ್ಲ. ಮಾತ್ರೆಯಲ್ಲೇ ವಾಸಿಯಾಯಿತು. ಮತ್ತೆ ತೋರಿಸಲು ಹೋದಾಗ ಡಾಕ್ಟರು ದೊಡ್ಡಮ್ಮನ ಕಡೆ ತಿರುಗಿದರು.

“ನೀವೂ ಪ್ಯಾಪ್ ಟೆಸ್ಟ್ ಮಾಡಿಸ್ಕೊಳ್ಳಿ ಅಮ್ಮ. ಈ ಮೇಜು ಹತ್ತಿ ಮಲಗಿದ್ರೆ ಗರ್ಭಕೋಶದ ಬಾಯಿಯ ಹತ್ತಿರ ಪುಟ್ಟ ಕಡ್ಡಿಯಲ್ಲಿ ಸವರಿ ಗಾಜಿಗೆ ಹಚ್ಚೋದು, ಅಷ್ಟೇ. ಕ್ಯಾನ್ಸರ್ ಬರೋ ಮುಂಚೇನೇ ಸುಳಿವು ಸಿಗುತ್ತೆ. ಏನೂ ತೊಂದರೆ ಇಲ್ಲದವರೂ ಮಾಡಿಸಬೇಕು.”

ಆ ಕೊನೆಯ ಮಾತೇ ಎಡವಟ್ಟಾಯಿತು. ಬಸ್ಸಿನ ತುಂಬ ದೊಡ್ಡಮ್ಮನದು ಒಂದೇ ರಾಗ. “ನೋಡ್ದಾ, ಏನೂ ಇಲ್ದೋರ್ನೂ ಬಿಡಕಿಲ್ಲ ಇವ್ರು. ಆ ಮೇಜಿನ ಮ್ಯಾಲೆ ನಾನ್ ಹತ್ತಾಕಿಲ್ಲ.”

ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಅವರಿಗೆ ಮತ್ತೆ ರಕ್ತ ಕಾಣಿಸಿತು. ಉಷ್ಣ ಎಂದುಕೊಂಡು ಎಳನೀರು ಕುಡಿದರು, ಮನೆಯಲ್ಲಿ ಹೇಳಲಿಲ್ಲ. ಹಿತ್ತಲಲ್ಲಿ ಒಣಹಾಕಿದ್ದ ಕಲೆ ಹೋಗದ ಬಟ್ಟೆ ನೋಡಿ ನಾನು ಬೇಲೂರಿಗೆ ಹೋಗೋಣ ಅಂದೆ. ಕಾಯಿ ಅಲ್ಲಾಡಿಸುವಾಗಿನ ಅದೇ ಕಣ್ಣಲ್ಲಿ ನನ್ನನ್ನೂ ನೋಡಿದರು. “ಯಾಕೆ, ನಿಂಗೇನಾದ್ರೂ ಕಮಿಷನ್ ಕೊಡ್ತಾರಾ?”

ಬೇಡಿಕೊಂಡೆ, ಜಗಳವಾಡಿದೆ... ಅವರ ಮಕ್ಕಳು ಹಾಸನಕ್ಕೆ ಸಾಗಿಸುವ ಹೊತ್ತಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಲ್ಲ ಕಡೆ ಹಬ್ಬಿತ್ತು. ಆಸ್ಪತ್ರೆಯ ನೀರನ್ನು ಕೊನೆಯವರೆಗೂ ಮುಟ್ಟಲಿಲ್ಲ. ಕೂಜ ನನ್ನ ಕೈಗೆ ಕೊಟ್ಟು, ಊರ ಬಾವಿಯಿಂದ ನೀನೇ ತುಂಬಿಸಿಕೊಂಡು ಬಾ ಅಂದರು. ನಾನು ಬೇಕಾದವಳೇ ಆಗಿದ್ದರೆ ನನ್ನ ಮಾತೊಂದು ಯಾಕೆ ಬೇಡವಾಯಿತು? ನನ್ನ ಗರ್ಭಕೋಶ ಉಳಿಸಿಕೊಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹೋದ ವಾರ ಸ್ಕ್ಯಾನಿಂಗ್ ಮುಗಿದ ಮೇಲೆ, ಪ್ಯಾಪ್ ಟೆಸ್ಟೂ ಮಾಡಿಬಿಡೋಣ್ವಾ ಎಂದಳು ಎಳೆಯ ಡಾಕ್ಟರು. ಯಾಕೆ, ಏನು, ಎತ್ತ ಎಂದು ಪೂರ್ತಿ ಕೇಳಿಯೇ ಮೇಜು ಹತ್ತಿದೆ. ಈಗ ನೋವಾದೀತು, ಈಗ ನೋವಾದೀತು ಎಂದು ಕಾಯುತ್ತಿದ್ದೆ. ಆಯ್ತು, ಏಳಿ ಅಂದಳು. ಆ ಗಾಜು ತೋರಿಸಮ್ಮ ಅಂದೆ. ಅಂಚು ಹಿಡಿದು ಬೆಳಕಿಗೆ ಎತ್ತಿ ತೋರಿಸಿದಳು, ಉಗುರಿನಷ್ಟಗಲ ಮಸುಕು.

“ಯಾಕೆ ಅಳ್ತಿದೀರ ಮೇಡಂ, ನೋವಾಯ್ತಾ?”

ಇಲ್ಲ ಅಂದೆ. ಸ್ವಲ್ಪವೂ ನೋವಾಗಿರಲಿಲ್ಲ, ಅದಕ್ಕೇ ಅಳು ಬಂದಿತ್ತು.