ಖಾಲಿ ಬಸ್ಸಿನ ರೇಸುಗಾರ

ನನ್ನ ಗಂಡ ರೇಸ್ ಡ್ರೈವರ್ ಆಗಿದ್ದರು. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು. ಕಪ್ಪಿಲ್ಲ, ಮೆಡಲಿಲ್ಲ, ಪೇಪರಿನಲ್ಲಿ ಫೋಟೋ ಇಲ್ಲ. ಓಡಿಸುತ್ತಿದ್ದುದು ಕೊಟ್ಟೂರಿನಿಂದ ನಮ್ಮೂರು ಅರಸೀಕೆರೆ (ಹಾಸನದ ಕಡೆಯದಲ್ಲ, ಹರಪನಹಳ್ಳಿ ತಾಲೂಕಿನದು) ಮೇಲೆ ಹರಪನಹಳ್ಳಿಗೆ ಹೋಗುವ ಖಾಸಗಿ ಬಸ್ಸು. ಎದುರಾಳಿ ಅಂದರೆ, ಐದು ನಿಮಿಷ ಬಿಟ್ಟು ಹಿಂದೆ ಹೊರಡುವ ಇನ್ನೊಂದು ಖಾಸಗಿ ಬಸ್ಸು.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಬಸ್ಸುಗಳು ಪೈಪೋಟಿಗೆ ಬಿದ್ದು ಓಡುತ್ತಿದ್ದುದು ಹೊಟ್ಟೆಪಾಡಿಗೆ. ಮುಂದೆ ಹೋದವನಿಗೆ ದಾರಿಯಲ್ಲಿ ನಿಂತ ಜನ ಸಿಗುತ್ತಿದ್ದರು. ಇದು ಎಲ್ಲ ಡ್ರೈವರುಗಳಿಗೂ ಗೊತ್ತಿತ್ತು, ನಮ್ಮ ಯಜಮಾನರೊಬ್ಬರನ್ನು ಬಿಟ್ಟು. ನಿಲ್ಲಿಸಿದರೆ ಹಿಂದಿನವನು ಮುಂದಾಗುತ್ತಾನೆಂದು ಇವರು ನಿಲ್ಲಿಸುತ್ತಲೇ ಇರಲಿಲ್ಲ. ಜನ ಕೂಗಿ ಕೂಗಿ ಧೂಳು ಕುಡಿಯಬೇಕು, ಇವರು ಖಾಲಿ ಸೀಟುಗಳನ್ನು ಹೊತ್ತುಕೊಂಡು ಮೊದಲು ಮುಟ್ಟಿ ಮೀಸೆ ತಿರುವಬೇಕು. ಹಡಗಲಿ ಲೈನಿನ ಮಾಲೀಕ, ಕೂಡ್ಲಿಗಿ ಲೈನಿನ ಮಾಲೀಕ, ಇಬ್ಬರೂ ಇದೇ ಕಾರಣಕ್ಕೆ ಇವರನ್ನು ಮನೆಗೆ ಕಳಿಸಿದ್ದರು. "ನನ್ನ ಸ್ಪೀಡು ಅವರಿಗೆ ತಡಕೊಳ್ಳಾಕ ಆಗಲಿಲ್ಲ" ಎಂಬುದು ಇವರ ಸಮಜಾಯಿಷಿ. ಮೂರನೆಯ ಮಾಲೀಕನಿಗೆ ಇನ್ನೂ ಬುದ್ಧಿ ಬಂದಿರಲಿಲ್ಲ.

ನಾನು ಶಿಕ್ಷಕಿಯ ತರಬೇತಿ ಟಿ.ಸಿ.ಎಚ್. ಮುಗಿಸಿ ನಾಲ್ಕು ವರ್ಷ ಅರಸೀಕೆರೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತಿದ್ದೆ. ಕಡೆಗೊಮ್ಮೆ ಹರಪನಹಳ್ಳಿಯ ಶಾಲೆಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು. ತಪ್ಪಿದರೆ ಇಂಥದ್ದು ಮತ್ತೆ ಬರುತ್ತದೆಂಬ ನಂಬಿಕೆ ನನಗಿರಲಿಲ್ಲ. ರಾತ್ರಿ ಬಸ್ಸಿನ ಜೊತೆ ಅವರು ಕೊಟ್ಟೂರಿನಲ್ಲೇ ಉಳಿಯುತ್ತಿದ್ದರು, ಹಾಗಾಗಿ ಹಿಂದಿನ ದಿನ ಡ್ಯೂಟಿಗೆ ಹೊರಟಾಗಲೇ ಹೇಳಿದೆ.

"ಮತ್ಯಾಕ ಚಿಂತಿ? ನನ್ನ ಬಸ್ಸಿಗೇ ಬಾ" ಎಂದರು.

ಮರುದಿನ ಬೆಳಿಗ್ಗೆ ಸರ್ಟಿಫಿಕೇಟಿನ ಚೀಲ ಹಿಡಿದು ರಸ್ತೆಗೆ ಬಂದು ನಿಂತೆ. ಬಸ್ಸು ಬಂತು. ಕೈ ಎತ್ತಿದೆ. ಅವರು ನನ್ನನ್ನು ನೋಡಿದರು, ಅದರಲ್ಲಿ ಸಂಶಯವೇ ಇಲ್ಲ. ಹಲ್ಲು ಕಿರಿದು, ಉದ್ದಕ್ಕೆ ಹಾರ್ನ್ ಹೊಡೆದು, ಕೈ ಬೀಸಿ ಹೊರಟೇ ಹೋದರು. ತಾವೇ ಬಾ ಎಂದದ್ದು ಮರೆತು, ಹೆಂಡತಿ ತಮ್ಮ ಓಟ ನೋಡಲು ಬಂದಿದ್ದಾಳೆ ಅಂದುಕೊಂಡರಂತೆ! ಮೈಯೆಲ್ಲ ಉರಿಯಿತು. ಇಂಥವನಿಗೆ ನಾಲ್ಕು ವರ್ಷ ಬುತ್ತಿ ಕಟ್ಟಿದೆನಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯಾಯಿತು.

ಹಿಂದಿನ ಬಸ್ಸು ಬಂದು ನಿಂತಿತು. "ಬರ್ರಿ ಅಕ್ಕಾರ, ಲಗೂ ಹತ್ರಿ" ಎಂದ ಅದರ ಡ್ರೈವರ್. "ನಿಮ್ಮ ಯಜಮಾನ್ರು ನಿಲ್ಲಿಸಲಿಲ್ಲೇನ್ರಿ?"

"ಅವರಿಗೆ ಅರ್ಜೆಂಟ್ ಐತ್ರಿ" ಎಂದೆ.

ಹರಪನಹಳ್ಳಿ ಸ್ಟ್ಯಾಂಡಿನಲ್ಲಿ ಇವರು ಚಹಾ ಕುಡಿಯುತ್ತ ನಾಲ್ಕು ಜನರ ಮುಂದೆ ತಮ್ಮ ಪ್ರತಾಪ ಕೊಚ್ಚುತ್ತಿದ್ದರು. ನಾನು ಸೋತವನ ಬಸ್ಸಿನಿಂದ ಇಳಿದದ್ದು ಕಂಡು ಮುಖ ಕಪ್ಪಿಟ್ಟಿತು. ಹತ್ತಿರ ಬಂದು ಹಲ್ಲು ಕಚ್ಚಿದರು.

"ಏ, ಅವನ ಬಸ್ಸು ಹತ್ತಿ ಬಂದಿಯೇನು? ಎಲ್ಲಾರ ಮುಂದ ನನ್ನ ಮರ್ಯಾದಿ ತಗದಿಯಲ್ಲ!"

ಸಂದರ್ಶನದ ಮಾತೇ ಇಲ್ಲ. ಹತ್ತಕ್ಕೆ ಹತ್ತು ನಿಮಿಷವಿತ್ತು. ಶಾಲೆಯ ದಾರಿ ಹಿಡಿದೆ.

ಕೆಲಸ ಸಿಕ್ಕಿತು. ಆಮೇಲೆ ದಿನಾ ಬೆಳಿಗ್ಗೆ ಅವರು ಅರಸೀಕೆರೆಯಲ್ಲಿ ನನ್ನ ಮುಂದೆ ಬಸ್ಸು ನಿಲ್ಲಿಸಿ ಕಾಯತೊಡಗಿದರು. ನಾನು ಕದಲುತ್ತಿರಲಿಲ್ಲ. ಹಿಂದಿನ ಬಸ್ಸು ಬಂದ ಮೇಲೆ ಅದನ್ನು ಹತ್ತುತ್ತಿದ್ದೆ.